ಮಾಗಡಿ ಕೆರೆಯ ಅತಿಥಿಗಳ ಖರ್ಚು

ಗದಗ ಜಿಲ್ಲೆಯ ಮಾಗಡಿ ಕೆರೆಗೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂಬ ರಾಮ್ಸಾರ್ ಮಾನ್ಯತೆ ಸಿಕ್ಕಿತು. ಸುಮಾರು 50 ಹೆಕ್ಟೇರ್‌ನ ಈ ಕೆರೆಯನ್ನು ಕಟ್ಟಿದ್ದು ನೀರಾವರಿಗೆ. ಹೆಸರು ತಂದುಕೊಟ್ಟಿದ್ದು ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು.

ಹಗಲು ನೀರಿನಲ್ಲಿ ಬೆನ್ನಿನ ಗರಿಯೊಳಗೆ ಕೊಕ್ಕು ಹುದುಗಿಸಿ ತೂಕಡಿಸುವ ಇವು ಕತ್ತಲಾದರೆ ಸುತ್ತಲ ಹೊಲಗಳಿಗಿಳಿಯುತ್ತವೆ. ಕಡಲೆಯ ಎಳೆ ಕುಡಿ, ಶೇಂಗಾ ಹೊಲದಲ್ಲಿ ಉಳಿದ ಕಾಯಿ, ಹುಲ್ಲು ಎಲ್ಲವೂ ಆದೀತು. ಪ್ರವಾಸಿಗರು ದುರ್ಬೀನು ಹಿಡಿದು ಬರುವ ಹೊತ್ತಿಗೆ ಊಟ ಮುಗಿದಿರುತ್ತದೆ, ಲೆಕ್ಕ ಮಾತ್ರ ರೈತನ ಹೆಸರಿಗೆ. ಆನೆ ತುಳಿದ ಹೊಲ ಕಣ್ಣಿಗೆ ಕಾಣುತ್ತದೆ, ಪಂಚನಾಮೆಯೂ ಆಗುತ್ತದೆ. ತುದಿ ಹೋದ ಕಡಲೆ ಗಿಡಗಳನ್ನು ಎಣಿಸುವವರು ಯಾರು? (ಕಡಲೆ ಕುಡಿಯನ್ನು ರೈತರೇ ಚಿವುಟುತ್ತಾರೆ, ನಿಜ. ಆದರೆ ಎಷ್ಟು ಚಿವುಟಬೇಕೆಂಬುದು ಅವರಿಗೆ ಗೊತ್ತು, ಹೆಬ್ಬಾತಿಗಲ್ಲ.)

ರೈತರು ಹೊಲಕ್ಕೆ ಮಿತಿಮೀರಿ ನೀರೆತ್ತಿದರೆ ಕೆರೆಗೇ ಅಪಾಯ ಎಂಬ ಮಾತೂ ಸರಿಯೇ. ಹಾಗೆಂದು ಪಂಪ್‌ಸೆಟ್ ನಿಲ್ಲಿಸಿ ಎನ್ನುವ ಮೊದಲು ಅರಣ್ಯ ಮತ್ತು ಕೃಷಿ ಇಲಾಖೆಗಳು ಹಿಂಗಾರು ಬೆಳೆ ಎದ್ದಾಗಲೇ ಹೊಲಕ್ಕೆ ಬಂದು ನಷ್ಟ ಅಳೆಯುವ ಕ್ರಮ ಗೊತ್ತುಮಾಡಲಿ. ನಾಮಫಲಕ, ವೀಕ್ಷಣಾ ಗೋಪುರಗಳ ಕೆಲಸ ಆಮೇಲೆ ಮಾಡಿದರಾಯಿತು.