ಹದಿನೇಳು ಕೊಟ್ಟು ಆರು ತಂದೆ

ಈಚೆಗೆ ನಾನೊಂದು ಕೊಡುಕೊಳ್ಳುವ ವ್ಯವಹಾರ ಮಾಡಿದೆ. 17 ಗುಂಡು ಹಿಡಿಯುವ, ಹಿಡಿಯೂ ಚೌಕಟ್ಟೂ ಪ್ಲಾಸ್ಟಿಕ್ಕಿನದೇ ಆದ, ಈ ಕಾಲದ ಪಿಸ್ತೂಲೊಂದನ್ನು ಅಂಗಡಿಯವನಿಗೆ ಒಪ್ಪಿಸಿ, ಅದರ ಮೇಲೆ ಕೈಯಿಂದ ಇನ್ನಷ್ಟು ಡಾಲರು ಎಣಿಸಿಟ್ಟು, ಆರೇ ಆರು ಗುಂಡು ಹಿಡಿಯುವ ರಿವಾಲ್ವರೊಂದನ್ನು ಮನೆಗೆ ತಂದೆ. ನಾನು ಕಾಲೇಜಿನಲ್ಲಿದ್ದಾಗ ತಯಾರಾದ ಸರಕು ಅದು. ಪಿಸ್ತೂಲಿನ ಸುಮಾರು ಎರಡರಷ್ಟು ತೂಗುತ್ತದೆ. ಅಂದಿನಿಂದ ನನಗೆ ಬುದ್ಧಿ ಹೇಳದ ಕನ್ನಡಿಗ ಡಲ್ಲಾಸಿನ ಸುತ್ತಮುತ್ತ ಉಳಿದಿಲ್ಲ.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕಾಫಿ ಕುಡಿಯುತ್ತ ಈ ಪುರವಣಿ ಬಿಡಿಸಿದವರಿಗೆ ಟೆಕ್ಸಾಸಿನ ಪಿಸ್ತೂಲಿನ ಗೊಡವೆ ಏಕೆ ಎಂದು ನೀವು ಕೇಳಬಹುದು. ಕೇಳುವವರ ಮಗನೋ ಮಗಳೋ ಅಳಿಯನೋ ಅಮೆರಿಕದಲ್ಲಿ ಇರಬಾರದೆ? ಅವರ ಗ್ಯಾರೇಜಿನಲ್ಲಿ ಎಷ್ಟು ಕಾರು, ಅಡುಗೆಕಟ್ಟೆಗೆ ಯಾವ ಕಲ್ಲು ಎಂಬುದೆಲ್ಲ ನಿಮಗೆ ಗೊತ್ತು. ಮಂಚದ ಪಕ್ಕದ ಡ್ರಾಯರಿನಲ್ಲಿ ಏನಿದೆ ಎಂದು ನೀವು ಕೇಳಿಲ್ಲ, ಅವರೂ ಹೇಳಿಲ್ಲ. ನಾನೂ ನನ್ನ ತಾಯಿಗೆ ಹೇಳಿರಲಿಲ್ಲ.

ನಮ್ಮ ಕನ್ನಡ ಕೂಟದಲ್ಲಿ ತರುಣ ಮಿತ್ರರೊಬ್ಬರಿದ್ದಾರೆ. ಕಂಪ್ಯೂಟರಿನ ಕೆಲಸದಲ್ಲಿ ಘಟಾನುಘಟಿ, ಮಾತಿನಲ್ಲಿ ಅದಕ್ಕಿಂತ ಒಂದು ಕೈ ಮೇಲು. ಯುಗಾದಿಯ ಊಟದಲ್ಲಿ ನನ್ನ ಪಕ್ಕ ಕೂತು ಹೋಳಿಗೆ ಮುರಿಯುತ್ತ, “ಅಂಕಲ್, ಐಫೋನ್ ಕೊಟ್ಟು ಗಿರಗಿರ ತಿರುಗಿಸುವ ಕಪ್ಪು ಟೆಲಿಫೋನ್ ತಂದ ಹಾಗಾಯಿತು. ನಾಲ್ಕು ಜನ ಕಳ್ಳರು ನುಗ್ಗಿದರೆ ಆರು ಗುಂಡಿನಲ್ಲಿ ಏನು ಮಾಡುತ್ತೀರಿ?” ಎಂದರು. ಪಂಕ್ತಿಯವರೆಲ್ಲ ನಕ್ಕರು. ನನಗೆ ಅಲ್ಲಿ ಉತ್ತರ ಹೊಳೆಯಲಿಲ್ಲ. ಮಜ್ಜಿಗೆ ಬಡಿಸುವ ಹೊತ್ತಿಗೆ ಹೊಳೆಯಿತು, ಆದರೆ ಅಷ್ಟರಲ್ಲಿ ಅವರು ಕೈತೊಳೆಯಲು ಎದ್ದಿದ್ದರು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಆರು ಸಾಲದೆನ್ನುವವರಿಗೆ ಹದಿನೇಳು ಮಾತ್ರ ಹೇಗೆ ಸಾಕಾದೀತು, ಸ್ವಾಮಿ? ಸಾಕಾಗಿಲ್ಲ ಎಂಬುದಕ್ಕೆ ಆ ಮಿತ್ರರೇ ಸಾಕ್ಷಿ. ಅವರ ಬಳಿ 33 ಗುಂಡು ಹಿಡಿಯುವ, ಪಡವಲಕಾಯಿಯಂತೆ ಜೋತುಬೀಳುವ ಮ್ಯಾಗಜೀನು ಇದೆ. 1994ರಲ್ಲಿ ಅಮೆರಿಕದ ಸರಕಾರ ಜನರಿಗೆ ಮಾರುವ ಹೊಸ ಮ್ಯಾಗಜೀನುಗಳಲ್ಲಿ 10ಕ್ಕಿಂತ ಹೆಚ್ಚು ಗುಂಡು ಹಿಡಿಸಬಾರದೆಂದು ಕಟ್ಟು ಮಾಡಿತು. 2004ರಲ್ಲಿ ಆ ಕಟ್ಟಿನ ಅವಧಿ ಮುಗಿಯಿತು, ಯಾರೂ ಅದನ್ನು ಮುಂದುವರಿಸಲಿಲ್ಲ. ಹತ್ತು ಹೋಗಿ ಹದಿನೇಳಾಯಿತು, ಹದಿನೇಳು ಮೂವತ್ತಮೂರಾಯಿತು. ಕಳ್ಳರು ಮಾತ್ರ ಹಿಂದೆ ಎಷ್ಟು ಮಂದಿ ಬರುತ್ತಿದ್ದರೋ ಇಂದೂ ಅಷ್ಟೇ ಮಂದಿ ಬರುತ್ತಾರೆ. ಬೆಳೆದದ್ದು ಅವರ ಸಂಖ್ಯೆಯಲ್ಲ, ನಮ್ಮ ಹೆದರಿಕೆ. ಆ ಹೆದರಿಕೆಯನ್ನು ಡಜನ್ ಲೆಕ್ಕದಲ್ಲಿ ಮಾರಬಹುದೆಂದು ಅಂಗಡಿಯವರಿಗೆ ಗೊತ್ತಾಗಿದೆ.

ನನ್ನ ಎದುರಾಳಿಗಳ ಬ್ರಹ್ಮಾಸ್ತ್ರ ಬೇರೊಂದಿದೆ. ಅದನ್ನು ಮುಚ್ಚಿಟ್ಟು ವಾದ ಮಾಡುವುದು ನ್ಯಾಯವಲ್ಲ. 1986ರ ಏಪ್ರಿಲ್ 11ರಂದು ಮಯಾಮಿಯಲ್ಲಿ ಎಫ್‌.ಬಿ.ಐ.ಯ ಎಂಟು ಮಂದಿ ಅಧಿಕಾರಿಗಳು ಇಬ್ಬರು ದರೋಡೆಕೋರರನ್ನು ಬೀದಿಯಲ್ಲಿ ಅಡ್ಡಗಟ್ಟಿದರು. ಹೆಚ್ಚಿನ ಅಧಿಕಾರಿಗಳ ಕೈಯಲ್ಲಿದ್ದುದು ರಿವಾಲ್ವರು. ಕೆಲವು ನಿಮಿಷಗಳಲ್ಲಿ ಇಬ್ಬರು ಅಧಿಕಾರಿಗಳು ಸತ್ತು ಐವರು ಗಾಯಗೊಂಡರು. ರಿವಾಲ್ವರಿನ ಕಾಲ ಮುಗಿಯಿತೆಂದು ಅಮೆರಿಕದ ಪೊಲೀಸರು ತೀರ್ಮಾನಿಸಲು ಆ ದಿನವೇ ದೊಡ್ಡ ಕಾರಣ. ಒಪ್ಪಿದೆ. ಆದರೆ ಕಥೆಯ ಉಳಿದರ್ಧವನ್ನೂ ಹೇಳಬೇಕಷ್ಟೆ? ಆ ದಿನದ ತಪ್ಪನ್ನೆಲ್ಲ ಹೊರಿಸಿದ್ದು ದರೋಡೆಕೋರನ ಎದೆ ಹೊಕ್ಕು ಹೃದಯ ಮುಟ್ಟದೆ ನಿಂತ ಒಂದು ಗುಂಡಿನ ಮೇಲೆ. ಅದು ರಿವಾಲ್ವರಿನದಲ್ಲ, 9 ಮಿಲಿಮೀಟರಿನ ಪಿಸ್ತೂಲಿನದು. ಕೊನೆಗೆ ಕಾಳಗ ಮುಗಿಸಿದವರು ಎಡ್ಮುಂಡೋ ಮಿರೆಲೆಸ್ ಎಂಬ ಅಧಿಕಾರಿ. ಎಡಗೈ ಮುರಿದು ಜೋಲುತ್ತಿದ್ದಾಗ, ಬಲಗೈಯೊಂದರಲ್ಲೇ, ಆರು ಗುಂಡಿನ ರಿವಾಲ್ವರಿನಿಂದ. ಆಮೇಲೆ ಎಫ್‌.ಬಿ.ಐ. ಸಣ್ಣ ಗುಂಡು ಬಿಟ್ಟು ದೊಡ್ಡದಕ್ಕೆ ಹೋಯಿತು. 2010ರ ದಶಕದಲ್ಲಿ ಮತ್ತೆ ಅದೇ 9 ಮಿಲಿಮೀಟರಿಗೆ ಬಂತು. ಸೈನ್ಯದ ಕಥೆಯೂ ಅಷ್ಟೆ. 1873ರ .45 ಕೋಲ್ಟ್ ರಿವಾಲ್ವರು ಹಳತಾಯಿತೆಂದು 1892ರಲ್ಲಿ .38ರ ಹೊಸದನ್ನು ತಂದರು. ಫಿಲಿಪೀನ್ಸಿನ ಯುದ್ಧದಲ್ಲಿ ಅದು ಸಾಲದೆಂದು ಉಗ್ರಾಣದಿಂದ ಹಳೆಯ .45ಗಳನ್ನು ಧೂಳು ಕೊಡವಿ ಹೊರಗೆ ತೆಗೆದರು. ಹಿಂದಕ್ಕೆ ಹೋಗುವುದು ಅಮೆರಿಕದ ಸೈನ್ಯಕ್ಕೇ ಅವಮಾನವಾಗಲಿಲ್ಲ, ನಿವೃತ್ತ ಇಂಜಿನಿಯರನಾದ ನನಗೇಕೆ ಆಗಬೇಕು?

ಆದರೂ ಇವೆಲ್ಲ ವಾದಕ್ಕೆ ವಾದ. ನಾನು ಪೊಲೀಸನೂ ಅಲ್ಲ, ಸೈನಿಕನೂ ಅಲ್ಲ. ಅವರ ಆಯುಧ ದಿನವೆಲ್ಲ ಸೊಂಟದಲ್ಲಿರುತ್ತದೆ, ವರ್ಷ ವರ್ಷ ತರಬೇತಿ ಇರುತ್ತದೆ. ನನ್ನದು ಹತ್ತು ವರ್ಷ ಕಪಾಟಿನಲ್ಲಿ ಸುಮ್ಮನೆ ಬಿದ್ದಿತ್ತು. ಸುಮ್ಮನೆ ಬಿದ್ದಿರುವ ಆಯುಧಕ್ಕೆ ಯಾವ ಗುಣ ಬೇಕು ಎಂಬುದೇ ಗೃಹಸ್ಥನ ಪ್ರಶ್ನೆ. ಇದಕ್ಕೆ ಉತ್ತರ ನನಗೆ ಕೊಪ್ಪದ ಕಡೆಯ ನಮ್ಮ ಮನೆಯಲ್ಲಿ ಬಾಲ್ಯದಲ್ಲೇ ಸಿಕ್ಕಿತ್ತು. ಮರೆತಿದ್ದೆ.

ಅಡಿಕೆ ತೋಟಕ್ಕೆ ಮಂಗ, ಗದ್ದೆಗೆ ಹಂದಿ. ಬೆಳೆ ಕಾಯಲೆಂದು ಲೈಸೆನ್ಸು ಪಡೆದ ಜೋಡುನಳಿಗೆಯ ತೋಟಾ ಕೋವಿಯೊಂದು ಮನೆಯಲ್ಲಿತ್ತು. ಚುನಾವಣೆ ಬಂದಾಗ ಅದನ್ನು ಹೆಗಲಿಗೇರಿಸಿಕೊಂಡು ಹೋಗಿ ಠಾಣೆಯಲ್ಲಿಟ್ಟು ರಸೀತಿ ತರುವುದು ಅಪ್ಪಯ್ಯನ ಕೆಲಸ. ತೋಟದಿಂದ ಬಂದಾಗಲೆಲ್ಲ ಅಪ್ಪಯ್ಯ ಜಗಲಿ ಹತ್ತುವ ಮೊದಲು ಅಂಗಳದಲ್ಲಿ ನಿಂತು, ಕೋವಿಯನ್ನು ನಡುವಿಗೆ ಮಡಿಸಿ, ತೋಟೆಗಳನ್ನು ಕಿತ್ತು ಜೇಬಿಗೆ ಹಾಕಿ, ಎರಡು ನಳಿಗೆಗಳನ್ನೂ ಬೆಳಕಿಗೆ ಹಿಡಿದು ಅಜ್ಜಿಗೆ ತೋರಿಸುತ್ತಿದ್ದರು. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ “ಹೂಂ” ಎಂದ ಮೇಲೆಯೇ ಕೋವಿಗೆ ಮನೆಯೊಳಗೆ ಪ್ರವೇಶ. ಅಜ್ಜಿಗೆ ಅಕ್ಷರ ಬಾರದು, ಕೋವಿಯ ವಿಷಯ ಒಂದಿಷ್ಟೂ ತಿಳಿಯದು. ಆದರೆ ಎರಡು ತೂತುಗಳಲ್ಲಿ ಆಕಾಶ ಕಾಣುತ್ತದೆಯೋ ಇಲ್ಲವೋ ಎಂದು ಹೇಳಲು ಯಾವ ವಿದ್ಯೆ ಬೇಕು?

ಈಗಿನ ಪಿಸ್ತೂಲನ್ನು ತನ್ನಿ. ಗುಂಡುಗಳೆಲ್ಲ ಹಿಡಿಯೊಳಗಿನ ಮ್ಯಾಗಜೀನಿನಲ್ಲಿ ಸಾಲಾಗಿ ಅಡಗಿರುತ್ತವೆ. ಒಂದು ಗುಂಡು ಹಾರಿದರೆ ಅದರ ಒದೆತದ ಬಲದಿಂದಲೇ ಮೇಲಿನ ಉಕ್ಕಿನ ಭಾಗ ಹಿಂದಕ್ಕೆ ಸರಿದು, ಖಾಲಿ ತೋಟೆಯನ್ನು ಹೊರಗೆಸೆದು, ಮುಂದಿನದನ್ನು ನಳಿಗೆಯ ಬುಡಕ್ಕೆ ತಳ್ಳುತ್ತದೆ. ಬಹಳ ಚಮತ್ಕಾರದ ಯಂತ್ರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮ್ಯಾಗಜೀನನ್ನು ಕಿತ್ತ ಮೇಲೂ ನಳಿಗೆಯ ಬುಡದಲ್ಲಿ ಒಂದು ಗುಂಡು ಉಳಿದಿರಬಹುದು. ಹಿಡಿ ಖಾಲಿ, ಪಿಸ್ತೂಲು ಖಾಲಿಯಲ್ಲ. ಸಾಲದ್ದಕ್ಕೆ, ಇಂಥ ಎಷ್ಟೋ ಪಿಸ್ತೂಲುಗಳನ್ನು ಒರೆಸಲು ಬಿಚ್ಚಬೇಕಾದರೆ ಮೊದಲು ಟ್ರಿಗರನ್ನು ಎಳೆಯಬೇಕು.

ನಾನು ಎಳೆದೆ. ಒಂದು ಶನಿವಾರ ಬೆಳಗ್ಗೆ, ಊಟದ ಮೇಜಿನ ಮೇಲೆ ಹಳೆಯ ಪಂಚೆ ಹಾಸಿಕೊಂಡು, ಮ್ಯಾಗಜೀನು ಕಿತ್ತು ಪಕ್ಕಕ್ಕಿಟ್ಟು, ಖಾಲಿಯಾಯಿತೆಂಬ ನಂಬಿಕೆಯಿಂದ ಎಳೆದೆ. ಗುಂಡು ಗೋಡೆಯ ಹಲಗೆಯನ್ನು ಸೀಳಿ ಉಗ್ರಾಣದ ಕೋಣೆಗೆ ಹೋಗಿ, ಒಂದರ ಮೇಲೊಂದು ಪೇರಿಸಿದ್ದ ಸೋನಾ ಮಸೂರಿ ಮೂಟೆಗಳಲ್ಲಿ ಹೂತುಕೊಂಡಿತು. ನನ್ನ ಹೆಂಡತಿ ಒಂದು ನಿಮಿಷದ ಹಿಂದೆ ಅಲ್ಲೇ ಬಗ್ಗಿ ನಿಂತು ಪಾವಿನಲ್ಲಿ ಅಕ್ಕಿ ಅಳೆದುಕೊಂಡಿದ್ದಳು. ತಪ್ಪು ತಯಾರಕರದಲ್ಲ, ನನ್ನದು. ಉಕ್ಕನ್ನು ಹಿಂದಕ್ಕೆ ಸರಿಸಿ ಒಳಗೆ ಕಣ್ಣಿಟ್ಟು ನೋಡಬೇಕಾಗಿತ್ತು, ನೋಡಲಿಲ್ಲ. “ನಿಯಮ ಪಾಲಿಸದಿದ್ದರೆ ಯಂತ್ರವೇನು ಮಾಡೀತು ಅಂಕಲ್?” ಎಂದು ತರುಣ ಮಿತ್ರರು ಕೇಳುತ್ತಾರೆ. ಸರಿಯೇ. ಆದರೆ ಎಂದೂ ಮರೆಯದ ಮನುಷ್ಯನಿಗಾಗಿ ಮಾಡಿದ ಯಂತ್ರವನ್ನು, ಕನ್ನಡಕ ಹಣೆಯ ಮೇಲಿರುವಾಗಲೇ ಕನ್ನಡಕ ಹುಡುಕುವ ನನ್ನಂಥವನ ಮನೆಯಲ್ಲಿ ಇಡುವುದೇಕೆ?

ರಿವಾಲ್ವರಿನಲ್ಲಿ ಅಡಗುವ ಜಾಗವಿಲ್ಲ. ಆರು ಗೂಡುಗಳ ಉರುಳೆಯನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿದರೆ ಆರೂ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಗುಂಡಿದ್ದರೆ ಹಿತ್ತಾಳೆ ಹೊಳೆಯುತ್ತದೆ, ಇಲ್ಲದಿದ್ದರೆ ಕಿಟಕಿ ಕಾಣುತ್ತದೆ. ನನ್ನ ಅಜ್ಜಿ ಇದ್ದಿದ್ದರೆ ಇದಕ್ಕೂ “ಹೂಂ” ಎನ್ನುತ್ತಿದ್ದಳು. ಸ್ಯಾಮ್ಯುಯೆಲ್ ಕೋಲ್ಟ್ ರಿವಾಲ್ವರಿಗೆ ಅಮೆರಿಕದಲ್ಲಿ ಪೇಟೆಂಟು ಪಡೆದದ್ದು 1836ರಲ್ಲಿ. ಅಂದಿನಿಂದ ಏನೆಲ್ಲ ಬದಲಾದರೂ ಈ ಆರು ಗೂಡುಗಳ ಪ್ರಾಮಾಣಿಕತೆ ಬದಲಾಗಿಲ್ಲ.

ಇದರಲ್ಲಿ ದೋಷವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಗುಂಡು ಮುಗಿದರೆ ಮತ್ತೆ ತುಂಬುವುದು ನಿಧಾನ. ಪಿಸ್ತೂಲು ಸಿಕ್ಕಿಕೊಂಡರೆ ಕೈಯಿಂದಲೇ ಬಿಡಿಸಬಹುದು, ರಿವಾಲ್ವರು ಕೆಟ್ಟರೆ ಹೆಚ್ಚಿನ ಸಲ ರಿಪೇರಿಯವನ ಬಳಿಗೇ ಹೋಗಬೇಕು. ಇನ್ನು ಒದೆತದ ವಿಷಯ. ನಾನು ತಂದದ್ದು ಸ್ಮಿತ್ ಆ್ಯಂಡ್ ವೆಸ್ಸನ್ನಿನ 29ನೆಯ ಮಾದರಿ, .44 ಮ್ಯಾಗ್ನಮ್. (ಹೆಸರಿಗೆ 44, ಗುಂಡಿನ ಅಡ್ಡಳತೆ ಅಂಗುಲದಲ್ಲಿ .429 ಮಾತ್ರ. ಬಂದೂಕಿನ ಲೋಕದಲ್ಲೂ ಜಾಹೀರಾತು ಸ್ವಲ್ಪ ಉಬ್ಬಿಸಿಯೇ ಹೇಳುತ್ತದೆ.) ಆ ಮದ್ದನ್ನು ಮೊದಲ ಸಲ ಹಾರಿಸಿದಾಗ ಅಂಗೈ ಸಂಜೆಯವರೆಗೆ ಜುಮುಗುಟ್ಟುತ್ತಿತ್ತು. ಈಗ ಅದೇ ರಿವಾಲ್ವರಿನಲ್ಲಿ ಹಾಕಬಹುದಾದ, 1907ರಿಂದ ಬಂದಿರುವ, ಮೃದುವಾದ .44 ಸ್ಪೆಷಲ್ ತೋಟೆಗಳನ್ನೇ ಬಳಸುತ್ತೇನೆ.

ಹಾಗಾದರೆ ಅಷ್ಟು ದೊಡ್ಡದೇ ಏಕೆ, ಸಣ್ಣದೊಂದು ರಿವಾಲ್ವರು ಸಾಲದಿತ್ತೆ? ಈ ಪ್ರಶ್ನೆ ಕೇಳಿದವರು ನನ್ನನ್ನು ಸರಿಯಾಗಿ ಹಿಡಿದರು. ಈ ಮದ್ದು 1955ರಲ್ಲಿ ಹೊರಬಂದಾಗ ಅದು ಬೇಟೆಗಾರರ ಗೀಳು. 1971ರಲ್ಲಿ ‘ಡರ್ಟಿ ಹ್ಯಾರಿ’ ಎಂಬ ಚಿತ್ರದಲ್ಲಿ ಕ್ಲಿಂಟ್ ಈಸ್ಟ್‌ವುಡ್ ಅದನ್ನು ಹಿಡಿದು ನಿಂತ ಮೇಲೆ ಅಂಗಡಿಗಳಲ್ಲಿ ಸಿಗುವುದೇ ಕಷ್ಟವಾಯಿತಂತೆ. ನಾನು ಆ ಚಿತ್ರವನ್ನು ಮಹಾತ್ಮ ಗಾಂಧಿ ರಸ್ತೆಯ ಟಾಕೀಸಿನಲ್ಲಿ, ಹಾಸ್ಟೆಲಿನ ಗೋಡೆ ಹಾರಿ ಹೋಗಿ, ನೋಡಿದವನು. ಅಂಗಡಿಯ ಗಾಜಿನೊಳಗೆ ಆ ನೀಲಿಗಪ್ಪು ಉಕ್ಕು, ಆ ಮರದ ಹಿಡಿ ಕಂಡಾಗ ನನ್ನೊಳಗಿನ ಹಾಸ್ಟೆಲ್ ಹುಡುಗ ಎದ್ದು ಕೂತ. ನಾನು ಮೇಲೆ ಹೇಳಿದ ಕಾರಣಗಳೆಲ್ಲ ನಿಜ. ಆದರೆ ಅವು ಮಾತ್ರವೇ ಇದ್ದಿದ್ದರೆ ಸಣ್ಣದನ್ನೇ ತರುತ್ತಿದ್ದೆ. ಹೊಸತರ ಭ್ರಾಂತಿಯನ್ನು ಹಳಿಯುವವರಲ್ಲಿ ಹಳತರ ಭ್ರಾಂತಿ ಇರಬಾರದೆಂದು ಎಲ್ಲಿದೆ?

ಇಷ್ಟನ್ನು ಬರೆದು ಹೆಂಡತಿಗೆ ಓದಿ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತ ಕೇಳಿದಳು.

“ಅದೇನು ಹದಿನೇಳು ಅಂತೀರಿ, ಆರು ಅಂತೀರಿ. ಅಕ್ಕಿ ಮೂಟೆಗೆ ಹೊಕ್ಕಿದ್ದು ಒಂದು.”

ನಾನು ಸುಮ್ಮನಿದ್ದೆ. ಅವಳು ಇಲ್ಲಿನ ಆಸ್ಪತ್ರೆಗಳಲ್ಲಿ ಇಪ್ಪತ್ತು ವರ್ಷ ದಾದಿಯಾಗಿದ್ದವಳು, ಲೆಕ್ಕಗಳು ಅವಳಿಗೆ ಬಾಯಿಪಾಠ. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830 ಮಂದಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಮ್ಮ ಕೈಯಿಂದಲೇ ಸತ್ತವರು. “ಅವರಿಗೆಲ್ಲ ಎಷ್ಟೆಷ್ಟು ಗುಂಡು ಬೇಕಾಯಿತು ಅಂತ ನಿಮ್ಮ ಕೂಟದ ಹುಡುಗನ್ನ ಕೇಳಿ” ಎಂದಳು. “ಮಗಳ ಮಗ ಬೇಸಿಗೆ ರಜಕ್ಕೆ ಬರ್ತಾನೆ. ಹದಿನಾರು ವರ್ಷ. ಫೋನಿನಲ್ಲಿ ಅವನ ದನಿ ಹೇಗಿತ್ತು, ನೀವೇ ಕೇಳಿದಿರಿ.”

ಕೇಳಿದ್ದೆ. ಈ ಒಂದು ಮಾತಿಗೆ ನನ್ನ ವಾದದಲ್ಲಿ ಉತ್ತರವಿಲ್ಲ. ರಿವಾಲ್ವರನ್ನೂ ಮಾರಿಬಿಡಿ ಎಂದು ಅವಳು ಹೇಳಲಿಲ್ಲ. ಹೇಳಿದ್ದರೆ ಜಗಳವಾಡುತ್ತಿದ್ದೆ, ಬಹುಶಃ ಗೆಲ್ಲುತ್ತಲೂ ಇದ್ದೆ.

ಅಂದೇ ಸಂಜೆ ಅಂಗಡಿಗೆ ಹೋಗಿ ಒಂದು ಉದ್ದ ಕುತ್ತಿಗೆಯ ಬೀಗ ತಂದೆ. ಉರುಳೆಯನ್ನು ಹೊರಕ್ಕೆ ತೆರೆದು, ಉಕ್ಕಿನ ಚೌಕಟ್ಟಿನ ನಡುವೆ ಬೀಗ ತೂರಿಸಿ ಹಾಕಿದರೆ ಉರುಳೆ ಮತ್ತೆ ಮುಚ್ಚುವುದಿಲ್ಲ. ತೋಟೆಗಳ ಪೆಟ್ಟಿಗೆಯನ್ನು ಗೆಳೆಯರೊಬ್ಬರ ಮನೆಗೆ ಸಾಗಿಸಿದೆ. “ಹಾಗಾದರೆ ಕಳ್ಳ ಬಂದ ರಾತ್ರಿ ಏನು ಮಾಡುತ್ತೀರಿ ಅಂಕಲ್?” ಎಂದು ತರುಣ ಮಿತ್ರರು ಕೇಳಿಯೇ ಕೇಳುತ್ತಾರೆ. ದೀಪ ಹಾಕಿ ಕೂಗುತ್ತೇನೆ, ಪೊಲೀಸರಿಗೆ ಫೋನು ಮಾಡುತ್ತೇನೆ. ಮೂವತ್ತು ವರ್ಷದಲ್ಲಿ ಒಬ್ಬ ಕಳ್ಳನೂ ಬಂದಿಲ್ಲ. ಮೊಮ್ಮಗ ಬರುವುದು ಜೂನ್ ತಿಂಗಳಲ್ಲಿ.

ಬೀಗದ ಕೈ ಹೆಂಡತಿಯ ಹತ್ತಿರ ಇದೆ. ಎಲ್ಲಿಟ್ಟಿದ್ದಾಳೆಂದು ನಾನು ಕೇಳಿಲ್ಲ.