ಕುದುರೆಮುಖದ ಹಸುರು ಮುಸುಕು

ಕುದುರೆಮುಖಕ್ಕೆ ಹೋಗಿಬಂದ ನಮ್ಮ ಪೇಟೆಯ ಮಿತ್ರರು ಒಂದೇ ಮಾತನ್ನು ಬಾಯಿಪಾಠ ಮಾಡಿಕೊಂಡು ಬರುತ್ತಾರೆ: ‘ಮನುಷ್ಯನ ಕೈ ಸೋಕದ ನೆಲ!’ ಈ ಮಾತಿನ ಮೇಲೆ ನನ್ನ ತಕರಾರಿದೆ. ಭದ್ರೆಯ ತಲೆಯ ಬಳಿಯಿರುವ ಆ ಸಣ್ಣ ಊರು ಕಾಡು ಹೆತ್ತದ್ದಲ್ಲ, ಗಣಿ ಹೆತ್ತದ್ದು. ಮಲ್ಲೇಶ್ವರವೆಂಬ ಹಳ್ಳಿಯಿದ್ದಲ್ಲಿ ಸಾಲು ಮನೆ, ಶಾಲೆ, ಆಸ್ಪತ್ರೆಗಳು ಎದ್ದದ್ದು 1976ರಲ್ಲಿ ಸ್ಥಾಪನೆಯಾದ ಸರಕಾರಿ ಅದುರು ಕಂಪೆನಿಯಿಂದ.

ಅದುರು ಯಾರಿಗೆಂದು ಬಲ್ಲಿರಾ? ಇರಾನಿನ ಶಾಹನ ಉಕ್ಕಿನ ಕಾರ್ಖಾನೆಗಳಿಗೆ! ಸಾಲ ಕೊಡಲು ಒಪ್ಪಿದವನೂ ಅವನೇ, ಸರಕು ಕೊಳ್ಳಬೇಕಾಗಿದ್ದವನೂ ಅವನೇ. 1979ರಲ್ಲಿ ಅವನ ಸಿಂಹಾಸನ ಉರುಳಿತು. ಕೊಳ್ಳುವವನು ಹೋದ, ಗುಡ್ಡ ಅಗೆಯುವ ಯಂತ್ರಗಳು ಉಳಿದವು. ಬೇರೆ ಗಿರಾಕಿಗಳನ್ನು ಹುಡುಕಿ ಅಗೆತ ಸಾಗಿತು.

ಅದುರೋ ಕೆಳದರ್ಜೆಯದು. ನೂರು ಪಾಲು ಕಲ್ಲಿನಲ್ಲಿ ನಲವತ್ತು ಪಾಲು ಕಬ್ಬಿಣವೂ ಇಲ್ಲ. ಅದನ್ನು ಅರೆದು, ಸಾರವನ್ನು ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಹರಿಸಿದರು. ಮಿಕ್ಕ ಗಸಿಗೆ ಗಿರಾಕಿ ಯಾರು? ಲಕ್ಯಾ ಹೊಳೆಗೆ ಸುಮಾರು 100 ಮೀಟರ್ ಎತ್ತರದ ಕಟ್ಟೆ ಹಾಕಿ ಅದರ ಹಿಂದೆ ತುಂಬಿದರು. ಅದು ಇಂದಿಗೂ ಅಲ್ಲೇ ಇದೆ. ವರ್ಷಕ್ಕೆ 6,000 ಮಿಲಿಮೀಟರಿಗೂ ಮೀರಿ ಮಳೆ ಹೊಯ್ಯುವ ಸೀಮೆ ಅದು ಎಂಬುದನ್ನು ಮರೆಯಬಾರದು.

2002ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತು, 2005ರ ಕೊನೆಗೆ ಗಣಿ ನಿಂತಿತು. ನಾನು ಆ ತೀರ್ಪಿನ ಪಕ್ಷದವನೇ. ಮತ್ತೆ ಅಗೆಯಲಿ ಎನ್ನುವವರ ಪಂಕ್ತಿಯಲ್ಲಿ ನನಗೆ ಎಲೆ ಹಾಕಬೇಡಿ. ಆದರೆ ತೀರ್ಪು ನಿಲ್ಲಿಸಿದ್ದು ಯಂತ್ರವನ್ನು, ಗಸಿಯನ್ನು ಕರಗಿಸಲಿಲ್ಲ. ಕೆಲಸ ಹೋದವರು ಊರು ಬಿಟ್ಟರು, ಮನೆಗಳು ಬರಿದಾದವು. ಗಣಿಯ ವಿರುದ್ಧ ಪಟ್ಟಣಗಳಲ್ಲಿ ಸಭೆ ಸೇರಿದ್ದ ನಮ್ಮವರು, ಗೆದ್ದಾಯಿತೆಂದು ಕೈತೊಳೆದು, ಬೂಟು ತೊಟ್ಟು ಚಾರಣಕ್ಕೆ ಹೊರಟರು. ಈಗ ಶಿಖರ ಹತ್ತುವವರಿಗೆ ಅರಣ್ಯ ಇಲಾಖೆ ದಿನಕ್ಕೆ ಇಷ್ಟೇ ಮಂದಿಯೆಂದು ಮಿತಿ ಕಟ್ಟಬೇಕಾಗಿದೆ. ಒಳ್ಳೆಯದೇ. ಹುಲ್ಲನ್ನು ತುಳಿಯುವ ಕಾಲುಗಳನ್ನು ಎಣಿಸುವವರು ಕಟ್ಟೆಯ ಲೆಕ್ಕವನ್ನೂ ನಮ್ಮ ಮುಂದಿಡಲಿ.

‘ಅದನ್ನೆಲ್ಲ ಹೇಳಿದರೆ ಯಾತ್ರಿಕರು ಬೆದರುತ್ತಾರೆ, ಹೋಮ್‌ಸ್ಟೇಯವರ ಅನ್ನಕ್ಕೆ ಮಣ್ಣು’ ಎನ್ನುತ್ತಾರೆ. ಅನ್ನಕ್ಕೆ ಮಣ್ಣು ಬೀಳುವುದು ನಿಜ ಹೇಳಿದರಲ್ಲ, ಕಟ್ಟೆಯನ್ನು ಮರೆತರೆ. ಕೆಳಗಿರುವುದು ಭದ್ರೆ, ಕಳಸದ ತೋಟಗಳನ್ನು ದಾಟಿ, ಬಾಳೆಹೊನ್ನೂರನ್ನು ಹಾದು, ಲಕ್ಕವಳ್ಳಿಯ ಜಲಾಶಯದ ಮೂಲಕ ಬಯಲುಸೀಮೆಯ ಗದ್ದೆಗಳಿಗೆ ಹೋಗುವ ನೀರು.

ಚಾರಣದ ಚೀಟಿ ಕೊಡುವಾಗ ಗಣಿಯ ಕಥೆಯನ್ನೂ ಒಂದು ಹಾಳೆಯಲ್ಲಿ ಅಚ್ಚು ಮಾಡಿ ಕೊಡಲಿ. ಪ್ರತಿ ವರ್ಷ ಮುಂಗಾರಿಗೆ ಮುಂಚೆ ಲಕ್ಯಾ ಕಟ್ಟೆಯ ತಪಾಸಣೆಯ ವರದಿಯನ್ನು, ಅದೂ ಕನ್ನಡದಲ್ಲಿ, ಕಳಸದ ಪೇಟೆಯಲ್ಲಿ ನಾಲ್ಕು ಜನ ಓದುವಂತೆ ಅಂಟಿಸಲಿ. ಕೆಳಗೆ ಸಹಿ ಹಾಕಿದ ಎಂಜಿನಿಯರರ ಹೆಸರೂ ಇರಲಿ.