ಹೊಲದ ಲೆಕ್ಕ ಐಟಿಆರ್‌ನಲ್ಲೂ ಇರ್ಲಿ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಇಂಜಿನಿಯರಿಂಗ್‌ಗೆ ಬಂದ ನಮ್ಮಲ್ಲಿ ಎಷ್ಟೋ ಜನರ ಫೀಸ್ ಕಟ್ಟಿದ್ದು ಕಬ್ಬಿನ ಬಿಲ್. ಇನ್ನೆರಡು ವರ್ಷಕ್ಕೆ ಪ್ಲೇಸ್‌ಮೆಂಟ್ ಆಗುತ್ತೆ, ಬೆಂಗಳೂರಿಗೋ ಪುಣೆಗೋ ಹೋಗ್ತೀವಿ, ಕಂಪನಿಯವರು ಫಾರ್ಮ್ 16 ಕೊಡ್ತಾರೆ. ಮನೆಯಲ್ಲಿ ಮೊದಲ ಸಲ ಒಬ್ಬರು ಆದಾಯ ತೆರಿಗೆ ರಿಟರ್ನ್ ತುಂಬ್ತಾರೆ. ಆಗ ಒಂದು ಪ್ರಶ್ನೆ ಬರುತ್ತೆ: ಉತಾರದಲ್ಲಿ ನಮ್ಮ ಹೆಸರೂ ಇದೆ, ಕಬ್ಬಿನ ದುಡ್ಡಿನಲ್ಲಿ ನಮ್ಮ ಪಾಲೂ ಇದೆ. ಇದನ್ನ ಬರೀಬೇಕಾ, ಬ್ಯಾಡಾ?

ಊರಲ್ಲಿ ಯಾರನ್ನೇ ಕೇಳಿ, ಉತ್ತರ ಒಂದೇ. "ಒಕ್ಕಲುತನಕ್ಕ ಟ್ಯಾಕ್ಸ್ ಇಲ್ಲೋ ತಮ್ಮಾ, ಬರದು ಯಾಕ ತಲಿನೋವ ತಗೋತಿ?" ಮೊದಲ ಅರ್ಧ ಮಾತು ಸರಿ. ಎರಡನೇ ಅರ್ಧ ತಪ್ಪು. ನಮ್ಮ ಅಭಿಪ್ರಾಯ ಏನಂದ್ರೆ, ಬರೀಬೇಕು. ಕಾನೂನು ಹೇಳುತ್ತೆ ಅನ್ನೋದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ, ಅದನ್ನ ಆಮೇಲೆ ಹೇಳ್ತೀವಿ.

ಮೊದಲು ಕಾನೂನು. ನಮ್ಮ ಸಂವಿಧಾನದ ಪ್ರಕಾರ ಕೃಷಿ ಆದಾಯದ ಮೇಲೆ ತೆರಿಗೆ ಹಾಕೋ ಅಧಿಕಾರ ರಾಜ್ಯಗಳದ್ದು, ಕೇಂದ್ರದ್ದಲ್ಲ. ಅದಕ್ಕೇ ಕೇಂದ್ರದ ಆದಾಯ ತೆರಿಗೆ ಕಾಯ್ದೆಯಲ್ಲಿ ಕೃಷಿ ಆದಾಯಕ್ಕೆ ಪೂರ್ತಿ ವಿನಾಯಿತಿ. ಆದ್ರೆ ಇದರಿಂದ ಒಂದು ತೊಂದರೆ ಆಯ್ತು. ಸಂಬಳ, ಅಂಗಡಿ, ಬಾಡಿಗೆ ಎಲ್ಲ ಇದ್ದವರು ಜೊತೆಗೆ ಹೊಲದ ಆದಾಯವನ್ನೂ ಪಡೆದು, ತೆರಿಗೆ ಕಟ್ಟುವಾಗ ಮಾತ್ರ ಕೆಳಗಿನ ಸ್ಲ್ಯಾಬ್‌ನಲ್ಲೇ ಉಳೀತಿದ್ರು. ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಅವರ ಅಧ್ಯಕ್ಷತೆಯ ಸಮಿತಿ 1972ರಲ್ಲಿ ಇದಕ್ಕೆ ಒಂದು ದಾರಿ ಸೂಚಿಸಿತು: ಉಳಿದ ಆದಾಯಕ್ಕೆ ಯಾವ ದರ ಅಂತ ನಿರ್ಧರಿಸುವಾಗ ಕೃಷಿ ಆದಾಯವನ್ನೂ ಲೆಕ್ಕಕ್ಕೆ ತಗೊಳ್ಳಿ. 1973ರ ಹಣಕಾಸು ಕಾಯ್ದೆಯಲ್ಲಿ ಅದು ಜಾರಿಗೆ ಬಂತು. ಇವತ್ತಿಗೂ ಅದೇ ಪದ್ಧತಿ.

ಇದು ಅನ್ವಯ ಆಗೋಕೆ ಎರಡು ಷರತ್ತು. ಖರ್ಚು ಕಳೆದ ಕೃಷಿ ಆದಾಯ 5,000 ರೂಪಾಯಿಗಿಂತ ಹೆಚ್ಚಿರಬೇಕು. ಉಳಿದ ಆದಾಯ ತೆರಿಗೆ ಇಲ್ಲದ ಮೊದಲ ಸ್ಲ್ಯಾಬ್ ದಾಟಿರಬೇಕು. ಅಂದ್ರೆ ಬರೀ ಹೊಲ ನಂಬಿ ಬದುಕೋ ನಮ್ಮ ಅಪ್ಪಂದಿರಿಗೆ ಇದು ತಟ್ಟೋದೇ ಇಲ್ಲ. ತಟ್ಟೋದು ಒಂದು ಕೈಲಿ ಸಂಬಳ, ಇನ್ನೊಂದು ಕೈಲಿ ಉತಾರ ಇರೋ ನಮ್ಮಂಥವರಿಗೆ.

ಎಷ್ಟು ತಟ್ಟುತ್ತೆ? ಲೆಕ್ಕ ಹಾಕೇ ನೋಡೋಣ. ಐದು ಎಕರೆ ಕಬ್ಬು, ಎಕರೆಗೆ 40 ಟನ್, ಟನ್‌ಗೆ ಸುಲಭಕ್ಕೆ 3,000 ರೂಪಾಯಿ ಅಂತ ಹಿಡಿಯಿರಿ. 6 ಲಕ್ಷ ಬಂತು, 3 ಲಕ್ಷ ಖರ್ಚು ಹೋಯ್ತು, 3 ಲಕ್ಷ ಉಳೀತು. ಅದೇ ವ್ಯಕ್ತಿಗೆ ಎಲ್ಲ ಕಡಿತ ಆದಮೇಲೆ ಸಂಬಳದ ಆದಾಯ 14 ಲಕ್ಷ. 2025-26ರ ಹೊಸ ಪದ್ಧತಿಯ ಸ್ಲ್ಯಾಬ್‌ನಲ್ಲಿ ಬರೀ ಸಂಬಳಕ್ಕೆ ತೆರಿಗೆ 90,000 ರೂಪಾಯಿ. ಈಗ ಕೃಷಿ ಸೇರಿಸಿ 17 ಲಕ್ಷಕ್ಕೆ ಲೆಕ್ಕ ಹಾಕಿದ್ರೆ 1,40,000. ಇದರಿಂದ ಮೊದಲ ಸ್ಲ್ಯಾಬ್‌ನ 4 ಲಕ್ಷಕ್ಕೆ ಕೃಷಿಯ 3 ಲಕ್ಷ ಸೇರಿಸಿದ 7 ಲಕ್ಷದ ಮೇಲಿನ ತೆರಿಗೆಯನ್ನ, ಅಂದ್ರೆ 15,000 ರೂಪಾಯಿಯನ್ನ ಕಳೀಬೇಕು. ಉಳಿಯೋದು 1,25,000. ಹೆಚ್ಚುವರಿ 35,000, ಅದರ ಮೇಲೆ ಶೇ 4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ 1,400. ಒಟ್ಟು 36,400.

ತಮಾಷೆ ಅಂದ್ರೆ, ರಿಟರ್ನ್ ಫಾರ್ಮ್‌ನಲ್ಲಿ ಈ ಸಾಲಿಗೆ ಇರೋ ಹೆಸರು 'ಕೃಷಿ ಆದಾಯದ ಮೇಲಿನ ರಿಬೇಟ್'. ಆ 15,000 ಕಳೆಯೋದನ್ನೇ ರಿಬೇಟ್ ಅಂತ ಕರೀತಾರೆ. ಹೆಸರು ರಿಯಾಯಿತಿ, ಕೈಗೆ ಬರೋದು ಹೆಚ್ಚುವರಿ ತೆರಿಗೆ. ಓದಿದವರಿಗೇ ಗೊಂದಲ ಆಗೋ ಫಾರ್ಮ್ ಇದು.

ಹಾಗಂತ ಹೆದರಬೇಕಿಲ್ಲ. ನಮ್ಮಲ್ಲಿ ಹೆಚ್ಚಿನವರ ಮೊದಲ ಪ್ಯಾಕೇಜ್ 14 ಲಕ್ಷ ಇರಲ್ಲ, 4 ಲಕ್ಷವೋ 6 ಲಕ್ಷವೋ ಇರುತ್ತೆ. ಹೊಸ ಪದ್ಧತಿಯಲ್ಲಿ 12 ಲಕ್ಷದೊಳಗಿನ ಸಂಬಳದ ಆದಾಯಕ್ಕೆ ಸೆಕ್ಷನ್ 87ಎ ರಿಬೇಟ್ ಸಿಗುತ್ತೆ. 6 ಲಕ್ಷ ಸಂಬಳಕ್ಕೆ 3 ಲಕ್ಷ ಕೃಷಿ ಸೇರಿಸಿದ್ರೆ ತೆರಿಗೆ 15,000 ಬರುತ್ತೆ, ರಿಬೇಟ್‌ನಲ್ಲಿ ಅದೂ ಸೊನ್ನೆ ಆಗುತ್ತೆ. ಅಂದ್ರೆ ನಿಜ ಬರೆದ್ರೂ ಒಂದು ರೂಪಾಯಿ ಹೋಗಲ್ಲ. ಹಾಗಿದ್ರೂ ನಮ್ಮವರು ಬರೆಯಲ್ಲ, ಯಾಕಂದ್ರೆ ಎಲ್ಲರೂ ತುಂಬೋದು ಐಟಿಆರ್-1, ಅದರಲ್ಲಿ 5,000 ದಾಟಿದ ಕೃಷಿ ಆದಾಯಕ್ಕೆ ಜಾಗ ಇಲ್ಲ. ಐಟಿಆರ್-2 ತುಂಬಬೇಕು. ಅದು ಉದ್ದ. ತುಂಬಿಕೊಡೋ ಅಂಗಡಿಯವನಿಗೂ ಬೇಡ, ನಮಗೂ ಬೇಡ.

ಈ 5,000ದ ಮಿತಿ ಬಗ್ಗೆ ನಮಗೆ ತಕರಾರಿದೆ. ಇವತ್ತಿನ ದರದಲ್ಲಿ ಅದು ಎರಡು ಟನ್ ಕಬ್ಬಿನ ದುಡ್ಡೂ ಅಲ್ಲ. ಹತ್ತು ಗುಂಟೆ ಇರೋನನ್ನೂ ಐದು ಎಕರೆ ಇರೋನನ್ನೂ ಒಂದೇ ಉದ್ದದ ಫಾರ್ಮ್‌ಗೆ ತಳ್ಳಿದ್ರೆ ಇಬ್ಬರೂ ಸುಮ್ನೆ ಬಚ್ಚಿಡೋದನ್ನೇ ಕಲೀತಾರೆ. ಮಿತಿ ಏರಿಸಲೇಬೇಕು. ಆದ್ರೆ ಪದ್ಧತಿಯೇ ಅನ್ಯಾಯ ಅಂತ ನಾವು ಒಪ್ಪಲ್ಲ. ಅದೇ 14 ಲಕ್ಷ ಸಂಬಳದವನಿಗೆ ಕಬ್ಬಿನ ಬದಲು 3 ಲಕ್ಷ ಬಾಡಿಗೆ ಆದಾಯ ಇದ್ದಿದ್ರೆ 1,40,000 ಕಟ್ಟಬೇಕಿತ್ತು. ಕಬ್ಬಿನವನು ಕಟ್ಟೋದು 1,25,000. ಎರಡೂ ಇಲ್ಲದೆ ಬರೀ ಸಂಬಳದಲ್ಲಿ ಮನೆ ನಡೆಸೋನು 90,000. ಈ ಮೂರು ಅಂಕಿ ಪಕ್ಕಪಕ್ಕ ಇಟ್ಟು ನೋಡಿದ್ರೆ ರೈತನ ಮಗನಿಗೆ ಮೋಸ ಆಗಿದೆ ಅಂತ ನಮಗೆ ಅನ್ಸಲ್ಲ.

ಈಗ ದೊಡ್ಡ ಕಾರಣಕ್ಕೆ ಬರ್ತೀವಿ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಏನಾಯ್ತು ಅಂತ ಎಲ್ಲರಿಗೂ ಗೊತ್ತು. ಟನ್‌ಗೆ 3,500 ರೂಪಾಯಿ ಕೊಡಿ ಅಂತ ಸಾವಿರಾರು ರೈತರು ರಸ್ತೆಗೆ ಕೂತ್ರು. ಕೊನೆಗೆ ಸರ್ಕಾರ 3,300ಕ್ಕೆ ತಂದು ನಿಲ್ಲಿಸಿತು. ಆ ದಿನಗಳಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು ಒಂದೇ ಮಾತು: ಖರ್ಚು ಹುಟ್ಟಲ್ಲ. ಕಾರ್ಖಾನೆಯವರ ಹತ್ರ ಇಳುವರಿ, ಸಕ್ಕರೆ ದರ, ಎಥೆನಾಲ್ ಎಲ್ಲದಕ್ಕೂ ಪುಸ್ತಕ ಇರುತ್ತೆ. ನಮ್ಮ ಮನೆಯಲ್ಲಿ ಏನಿದೆ? ಗೊಬ್ಬರದ ಅಂಗಡಿಯ ಚೀಟಿ ಗೋಡೆಯ ಮೊಳೆಗೆ ಸಿಗಿಸಿರುತ್ತೆ, ಆಳಿನ ಪಗಾರ ಅಪ್ಪನ ತಲೆಯಲ್ಲಿರುತ್ತೆ.

ಐಟಿಆರ್-2ರ ಶೆಡ್ಯೂಲ್ ಇಐ ಕೇಳೋದು ಇದನ್ನೇ. ಒಟ್ಟು ಕೃಷಿ ಜಮೆ ಎಷ್ಟು? ಖರ್ಚು ಎಷ್ಟು? ಹಿಂದಿನ ಎಂಟು ವರ್ಷದೊಳಗಿನ ತೀರದ ನಷ್ಟ ಎಷ್ಟು? ನಿವ್ವಳ ಆದಾಯ 5 ಲಕ್ಷ ದಾಟಿದ್ರೆ ಜಿಲ್ಲೆ, ಪಿನ್‌ಕೋಡ್, ಎಷ್ಟು ಎಕರೆ, ಸ್ವಂತದ್ದೋ ಲಾವಣಿಯದ್ದೋ, ನೀರಾವರಿಯೋ ಮಳೆ ನಂಬಿದ್ದೋ ಅಂತಲೂ ಕೇಳುತ್ತೆ. ನಷ್ಟಕ್ಕೂ ಇಲ್ಲಿ ಜಾಗ ಇದೆ ಅನ್ನೋದನ್ನ ಗಮನಿಸಿ. ಘಟಪ್ರಭಾ ಹೊಳೆ ಉಕ್ಕಿ ಕಬ್ಬು ಕೊಳೆತ ವರ್ಷ, ಕಾಲುವೆಗೆ ನೀರು ಬಾರದ ವರ್ಷ ಕಾಗದದ ಮೇಲೆ ಬರೋದು ಹೀಗೆ. ನಾಳೆ ದರದ ಮಾತುಕತೆಯಲ್ಲಿ 'ಖರ್ಚು ಹುಟ್ಟಲ್ಲ' ಅಂತ ಹೇಳುವಾಗ ವರ್ಷವರ್ಷದ ಲೆಕ್ಕ ಕೈಯಲ್ಲಿದ್ರೆ ಆ ಮಾತಿಗೆ ಬೇರೆಯದೇ ತೂಕ. ಇಂಜಿನಿಯರಿಂಗ್ ಓದೋ ಮಕ್ಕಳು ಮನೆಗೆ ಮಾಡಬಹುದಾದ ಸಣ್ಣ ಕೆಲಸ ಇದು.

ಇನ್ನೊಂದು ಕಡೆಯಿಂದಲೂ ನೋಡಿ. ಕೃಷಿ ಆದಾಯದ ಹೆಸರಲ್ಲಿ ಬೇರೆ ದುಡ್ಡನ್ನ ತೊಳೆಯೋರು ಇದ್ದಾರೆ ಅನ್ನೋದು ಗುಟ್ಟೇನಲ್ಲ. 2019ರ ಸಿಎಜಿ ವರದಿಯಲ್ಲಿ, ಪರಿಶೀಲಿಸಿದ ಪ್ರಕರಣಗಳ ಪೈಕಿ ಸುಮಾರು ಶೇ 22.5ರಲ್ಲಿ ಸರಿಯಾದ ದಾಖಲೆ ನೋಡದೇ ಕೃಷಿ ವಿನಾಯಿತಿ ಕೊಟ್ಟಿದ್ದು ಕಂಡುಬಂತು. ಹೊಲವನ್ನೇ ತುಳಿಯದವರು ಲಕ್ಷಗಟ್ಟಲೆ ಕೃಷಿ ಆದಾಯ ತೋರಿಸ್ತಾರೆ, ನಿಜವಾಗಿ ಬೆಳೆಯೋರು ಸೊನ್ನೆ ತೋರಿಸ್ತಾರೆ. ಹೀಗಾದ್ರೆ 'ರೈತರಿಗೆ ವಿನಾಯಿತಿ ಯಾಕೆ' ಅಂತ ದಿಲ್ಲಿಯಲ್ಲಿ ಪ್ರಶ್ನೆ ಎದ್ದಾಗ ಪೆಟ್ಟು ಬೀಳೋದು ಯಾರಿಗೆ? ವಿನಾಯಿತಿ ಉಳೀಬೇಕಂದ್ರೆ ಅದಕ್ಕೆ ನಿಜವಾದ ಹಕ್ಕುದಾರರು ಲೆಕ್ಕದಲ್ಲಿ ಕಾಣಬೇಕು.

ಬರೆಯುವಾಗ ಕೆಲವು ವಿಷಯ ನೆನಪಿರಲಿ. ಬಿಲ್ ಯಾರ ಖಾತೆಗೆ ಬಂತು ಅನ್ನೋದಷ್ಟೇ ಮುಖ್ಯ ಅಲ್ಲ, ಹೊಲ ಯಾರದು, ಬೆಳೆ ಯಾರದು ನೋಡಬೇಕು. ಉತಾರ ಅಪ್ಪನ ಹೆಸರಲ್ಲಿದ್ದು ಒಕ್ಕಲುತನ ಅವರೇ ಮಾಡ್ತಿದ್ರೆ ಅದು ಅವರ ಆದಾಯ. ಒಟ್ಟು ಕುಟುಂಬದ ಆಸ್ತಿ ಆಗಿದ್ರೆ ಒಬ್ಬ ಲೆಕ್ಕ ಪರಿಶೋಧಕರನ್ನ ಒಮ್ಮೆ ಕೇಳಿಬಿಡಿ. ಲಾವಣಿಗೆ ಕೊಟ್ಟ ಹೊಲದ ದುಡ್ಡೂ ಕೃಷಿ ಆದಾಯವೇ. ಆದ್ರೆ ಎಮ್ಮೆ ಕಟ್ಟಿ ಡೇರಿಗೆ ಹಾಲು ಹಾಕಿದ್ದು, ನಮ್ಮ ಟ್ರ್ಯಾಕ್ಟರ್ ಬೇರೆಯವರಿಗೆ ಬಾಡಿಗೆಗೆ ಓಡಿಸಿದ್ದು ಕೃಷಿ ಆದಾಯ ಅಲ್ಲ. ಸಾಲ ಜಾಸ್ತಿ ಸಿಗುತ್ತೆ ಅಂತ ಇಲ್ಲದ ಕೃಷಿ ಆದಾಯ ತೋರಿಸಿ ಅನ್ನೋರ ಮಾತಂತೂ ಕೇಳಲೇಬೇಡಿ.

ಬಿಟ್ಟು ತುಂಬಿ ಆಮೇಲೆ ಸಿಕ್ಕಿಬಿದ್ರೆ ದುಬಾರಿ. ಆದಾಯ ಕಡಿಮೆ ತೋರಿಸಿದ್ದಕ್ಕೆ ಆ ತೆರಿಗೆಯ ಶೇ 50, ಬೇಕಂತಲೇ ತಪ್ಪು ತೋರಿಸಿದ್ದಕ್ಕೆ ಶೇ 200 ದಂಡ ಬೀಳಬಹುದು. ನಾವೇ ಮುಂದೆ ಬಂದು ಅಪ್‌ಡೇಟೆಡ್ ರಿಟರ್ನ್ ಹಾಕಿದ್ರೂ ಬಾಕಿ ತೆರಿಗೆ, ಬಡ್ಡಿಯ ಮೇಲೆ ಶೇ 25ರಿಂದ 70ರವರೆಗೆ ಹೆಚ್ಚುವರಿ ಕಟ್ಟಬೇಕು, ತಡ ಆದಷ್ಟೂ ಜಾಸ್ತಿ.

ಹಾಗಾಗಿ ನಮ್ಮ ಮಾತು ಇಷ್ಟೇ. ಈ ಸಲ ರಜೆಗೆ ಊರಿಗೆ ಹೋದಾಗ ಒಂದು ಎಕ್ಸೆಲ್ ಶೀಟ್ ತೆಗೀರಿ, ಬ್ಯಾಡಂದ್ರ ಒಂದು ನೂರು ಪುಟದ ನೋಟ್‌ಬುಕ್. ಒಂದು ಕಡೆ ಕಾರ್ಖಾನೆಯ ಬಿಲ್, ಇನ್ನೊಂದು ಕಡೆ ಬೀಜ, ಗೊಬ್ಬರ, ಆಳು, ಮೋಟಾರು ರಿಪೇರಿ, ನಿಮ್ಮ ಕೈಯಿಂದ ಹೋದ ಕಟಾವಿನ ಖರ್ಚು. ಅಪ್ಪನ ಪಕ್ಕ ಕೂತು ಕೇಳಿ ಬರೀರಿ. ಸಂಬಳ ಶುರುವಾಗೋಕೆ ಇನ್ನೂ ಎರಡು ವರ್ಷ ಇದೆ. ಅಷ್ಟರಲ್ಲಿ ಎರಡು ಹಂಗಾಮಿನ ಲೆಕ್ಕ ಕೈಯಲ್ಲಿರುತ್ತೆ.